ಕಿಡಿ ಹಾರದಿದ್ದರೆ ಏನು ನೋಡಬೇಕು? ದೋಣಿಯ ಹಳೇ ಇಂಜಿನ್ ರಿಪೇರಿ ಪಾಠ

ಕೃಷ್ಣಾ, ಘಟಪ್ರಭಾ ದಂಡೆಯ ನಮಗೆ ದೋಣಿ ಬೇಕಾಗುವುದು ತೀರ ಅಡಚಣಿ ಹೊತ್ತಿನಲ್ಲಿ. 2019ರ ಆಗಸ್ಟಿನಲ್ಲಿ ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳಿಗೆ ನೀರು ನುಗ್ಗಿತು. ಕಬ್ಬು ಮುಳುಗಿತು, ರಸ್ತೆ ಕಡಿಯಿತು. ಅಂಥ ದಿನ ಜನ, ದನ, ಮೇವು ಸಾಗಿಸಲು ದೋಣಿಯೇ ಗತಿ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗಂತೂ ದಿನದ ದುಡಿಮೆ ಅದರ ಮೇಲೆ. ನಡುಹೊಳೆಯಲ್ಲಿ ಇಂಜಿನ್ ನಿಂತರೆ ಸೆಳವು ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು.

ದೋಣಿಯ ಹಿಂಬದಿಗೆ ತೂಗುಹಾಕುವ ಹಳೇ ಔಟ್‌ಬೋರ್ಡ್ ಇಂಜಿನ್ ಚಾಲೂ ಆಗದಿದ್ದರೆ ಬಹಳ ಮಂದಿ ಮೊದಲು ಹೇಳುವ ಮಾತು, 'ಕಾಯಿಲ್ ಹೋಗೇತ್ರಿ' ಅಂತ. ಹಳೇ ಇಂಜಿನ್ನಿಗೆ ಕಾಯಿಲ್ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ತಪ್ಪು ಹೆಚ್ಚಾಗಿ ಇರುವುದು ಪ್ಲಗ್, ವಾಯರ್, ಪಾಯಿಂಟುಗಳಲ್ಲಿ. ಆದ್ದರಿಂದ ಹೊರಗಿನಿಂದ ಒಳಗೆ, ಅಗ್ಗದ್ದರಿಂದ ತುಟ್ಟಿಯದಕ್ಕೆ, ಹೀಗೆ ಸಾಲಾಗಿ ನೋಡುತ್ತ ಹೋಗಬೇಕು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಚಿಮಣಿ ಎಣ್ಣೆಯಲ್ಲಿ ಓಡಿಸುವ ಹಳೇ ಪಂಪಿಗೂ, ಪಾಯಿಂಟ್ ಇರುವ ಹಳೇ ಲೂನಾಕ್ಕೂ ಇದೇ ಪಾಠ. ಡೀಸೆಲ್ ಇಂಜಿನ್ನಿಗೆ ಪ್ಲಗ್ಗೇ ಇಲ್ಲ, ಅದರ ಮಾತು ಬೇರೆ.

ಕಿಡಿ ಹುಟ್ಟುವುದು ಹೇಗೆ?

ಇದಕ್ಕೆ ಬ್ಯಾಟರಿ ಬೇಡ. ಫ್ಲೈವೀಲಿನಲ್ಲಿ ಅಯಸ್ಕಾಂತ ಇರುತ್ತದೆ. ಹಗ್ಗ ಜಗ್ಗಿದಾಗ ಅದು ಕಾಯಿಲ್ ಮುಂದೆ ಹಾದು ಕರೆಂಟು ಹುಟ್ಟಿಸುತ್ತದೆ. ಸರಿಯಾದ ಗಳಿಗೆಗೆ ಪಾಯಿಂಟ್ ಬಾಯಿ ತೆರೆದು ಆ ಕರೆಂಟನ್ನು ತಟ್ಟನೆ ಕಡಿಯುತ್ತದೆ. ಆಗ ಕಾಯಿಲಿನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿ ಸುಡದಂತೆ ಕಾಯುವುದು ಕಂಡೆನ್ಸರ್. ಇಷ್ಟು ತಿಳಿದಿದ್ದರೆ ಸಾಕು.

1. ಪ್ಲಗ್

ಎಂಟತ್ತು ಸಲ ಜಗ್ಗಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಎಣ್ಣೆಯೇ ಬರುತ್ತಿಲ್ಲ, ಟಾಕಿ, ಪೈಪು, ಕಾರ್ಬುರೇಟರ್ ನೋಡಬೇಕು. ತೊಯ್ದಿದ್ದರೆ ಕಿಡಿಯ ಮೇಲೆ ಅನುಮಾನ. ಪ್ಲಗ್ ಒರೆಸಿ, ವಾಯರಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿನ ಬರೀ ಲೋಹಕ್ಕೆ ತಾಗಿಸಿಟ್ಟು ಹಗ್ಗ ಜಗ್ಗಿ. ನೆರಳಿನಲ್ಲಿ ನೋಡಿದರೆ ಚಟ್ ಎನ್ನುವ ನೀಲಿ ಕಿಡಿ ಕಾಣಬೇಕು. ಹಳದಿ, ಸಪೂರ ಕಿಡಿ ಇದ್ದರೆ ಸಾಲದು.

ಎಚ್ಚರ: ಪ್ಲಗ್ಗನ್ನು ಅದರ ತೂತಿನಿಂದ ದೂರ ಇಡಿ. ಒಳಗಿನಿಂದ ಪೆಟ್ರೋಲ್ ಹಬೆ ಬರುತ್ತದೆ, ಕಿಡಿ ತಾಗಿದರೆ ಬೆಂಕಿ ಹತ್ತೀತು. ಪ್ಲಗ್ಗನ್ನು ಲೋಹಕ್ಕೆ ತಾಗಿಸದೆ ಸುಮ್ಮನೆ ಜಗ್ಗಿದರೆ ಕಾಯಿಲ್ ಸುಡುವ ಸಂಭವವೂ ಉಂಟು.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ.

2. ಕ್ಯಾಪ್ ಮತ್ತು ವಾಯರ್

ಪ್ಲಗ್ ಕ್ಯಾಪ್ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ದಪ್ಪ ವಾಯರ್ ಬಿಸಿಲಿಗೆ ಬಿರಿತಿರುತ್ತದೆ, ಇಲಿ ಕಡಿದಿರುತ್ತದೆ. ಕತ್ತಲಲ್ಲಿ ಜಗ್ಗಿದರೆ ಕಿಡಿ ಸೋರುವ ಜಾಗ ಕಣ್ಣಿಗೇ ಕಾಣುತ್ತದೆ. ವಾಯರಿನ ತುದಿ ಅರ್ಧ ಅಂಗುಲ ಕತ್ತರಿಸಿ ಕ್ಯಾಪ್ ಮತ್ತೆ ತಿರುವಿ ಕೂಡಿಸಿ.

3. ಬಂದ್ ಮಾಡುವ ವಾಯರ್

ಇಂಜಿನ್ ಬಂದ್ ಮಾಡುವ ಗುಂಡಿ ಕಾಯಿಲಿನ ಕರೆಂಟನ್ನು ಮೈಗೆ ಇಳಿಸುತ್ತದೆ. ಆ ವಾಯರ್ ಎಲ್ಲಾದರೂ ತಿಕ್ಕಿ ಹರಿದು ಲೋಹಕ್ಕೆ ತಾಗಿದ್ದರೆ ಕಿಡಿ ಬರುವುದೇ ಇಲ್ಲ. ಆ ವಾಯರ್ ಬಿಚ್ಚಿ ಜಗ್ಗಿ ನೋಡಿ. ಕಿಡಿ ಬಂತೇ? ಹಾಗಾದರೆ ತಪ್ಪು ಗುಂಡಿ ಅಥವಾ ವಾಯರಿನದು. ಸರಿಮಾಡಿ ಮತ್ತೆ ಜೋಡಿಸಲು ಮರೆಯಬೇಡಿ.

4. ಪಾಯಿಂಟ್

ವರ್ಷ ಮೂಲೆಯಲ್ಲಿಟ್ಟ ಇಂಜಿನ್ನಿನ ಪಾಯಿಂಟಿಗೆ ಕಿಲುಬಿನ ಪೊರೆ ಕಟ್ಟುತ್ತದೆ. ಕೆಲವು ಫ್ಲೈವೀಲಿನಲ್ಲಿ ಕಿಟಕಿ ಇರುತ್ತದೆ, ಅದರಿಂದಲೇ ಕೆಲಸ ಆಗುತ್ತದೆ. ಇಲ್ಲವಾದರೆ ಫ್ಲೈವೀಲ್ ತೆಗೆಯಬೇಕು. ಪುಲ್ಲರ್ ಬಳಸಿ. ಸುತ್ತಿಗೆಯಿಂದ ಹೊಡೆದರೆ ಫ್ಲೈವೀಲ್ ಸೀಳೀತು, ಅಯಸ್ಕಾಂತದ ಬಲವೂ ಕುಂದೀತು.

ಪಾಯಿಂಟ್ ಸ್ವಲ್ಪ ಕಪ್ಪಾಗಿದ್ದರೆ ನುಣುಪು ಅರದಿಂದ ಎರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಗಟ್ಟಿ ಕಾಗದದಿಂದ ಒರೆಸಿ. ಪಾಲಿಶ್ ಪೇಪರ್ ಬೇಡ, ಅದರ ಹರಳು ಉಳಿದರೆ ಕರೆಂಟು ತಡೆಯುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗಿನ ಸಂದನ್ನು ಗೇಜಿನಿಂದ ಅಳೆಯಿರಿ. ಹಳೇ ಔಟ್‌ಬೋರ್ಡ್‌ಗಳಲ್ಲಿ ಬಹಳ ಕಡೆ ಇದು 0.020 ಅಂಗುಲ, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪಂಪುಗಳಿಗೆ ಕಡಿಮೆ ಇರುತ್ತದೆ, ನಿಮ್ಮ ಇಂಜಿನ್ನಿನ ಪುಸ್ತಕ ನೋಡಿಯೇ ಇಡಿ. ಎರಡು ಸಿಲಿಂಡರ್ ಇದ್ದರೆ ಸಾಮಾನ್ಯವಾಗಿ ಪಾಯಿಂಟ್ ಜೋಡಿಯೂ ಎರಡು, ಎರಡನ್ನೂ ಸಮ ಇಡಬೇಕು.

5. ಕಂಡೆನ್ಸರ್, ಕಾಯಿಲ್

ಪಾಯಿಂಟ್ ಮೇಲಿಂದ ಮೇಲೆ ಸುಟ್ಟು ಕುಳಿ ಬೀಳುತ್ತಿದ್ದರೆ ಕಂಡೆನ್ಸರ್ ಬದಲಿಸಿ, ಅದು ಅಗ್ಗದ ವಸ್ತು. ತಣ್ಣಗಿದ್ದಾಗ ಚಲೋ ಓಡಿ, ಕಾದ ಮೇಲೆ ನಿಂತು, ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆಯೇ? ನಿಂತ ಕೂಡಲೇ ಕಿಡಿ ನೋಡಿ. ಆಗ ಕಿಡಿ ಇಲ್ಲದಿದ್ದರೆ ಕಂಡೆನ್ಸರ್ ಅಥವಾ ಕಾಯಿಲಿನ ತಪ್ಪು. ಮೊದಲು ಕಂಡೆನ್ಸರ್ ಬದಲಿಸಿ ನೋಡಿ, ಕಾಯಿಲಿಗೆ ಕೊನೆಯಲ್ಲಿ ರೊಕ್ಕ ಬಿಚ್ಚಿ.

ಕಿಡಿ ಇದ್ದರೂ ಚಾಲೂ ಆಗದಿದ್ದರೆ?

ಹಗ್ಗ ಕೈಗೆ ಹಿಂದೊದೆಯುತ್ತದೆ, ಕಾರ್ಬುರೇಟರಿನಿಂದ ಢಬ್ ಎನ್ನುತ್ತದೆ. ಹೀಗಾದರೆ ಫ್ಲೈವೀಲ್ ಹಿಡಿದಿರುವ ಸಣ್ಣ ಕೀ ನೋಡಿ. ದೋಣಿಯ ಪಂಕ ಕಲ್ಲಿಗೆ ಬಡಿದಾಗ ಅದು ಕತ್ತರಿಸಬಹುದು. ಆಗ ಫ್ಲೈವೀಲ್ ಜರುಗಿ ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತದೆ. ಕೀ ಬದಲಿಸಿ ನಟ್ಟು ಬಿಗಿ ಮಾಡಿದರೆ ಸರಿಹೋಗುತ್ತದೆ.

ಹೊಳೆಯಲ್ಲಿ ಮುಳುಗಿದ ಇಂಜಿನ್

ಹಗ್ಗ ಜಗ್ಗುವ ಅವಸರ ಬೇಡ. ಸಿಹಿನೀರಿನಿಂದ ಕೆಸರು ತೊಳೆದು, ಪ್ಲಗ್ ಬಿಚ್ಚಿ, ಇಂಜಿನ್ ಬೋರಲು ಮಾಡಿ ನೀರು ಬಸಿಯಿರಿ. ಸಿಲಿಂಡರಿಗೆ ಎಣ್ಣೆ ಬಿಟ್ಟು ಮೆಲ್ಲಗೆ ತಿರುವಿ. ಒಳಗೆ ಉಸುಕು ಹೊಕ್ಕು ಗರಗರ ಎಂದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕಡೆ ಒಯ್ಯಿರಿ. ಕಾಯಿಲನ್ನು ಬಿಸಿಲು, ಗಾಳಿಯಲ್ಲಿ ಒಣಗಿಸಿ, ಒಲೆಯ ಹತ್ತಿರ ಬೇಡ.

ಮಳೆಗಾಲಕ್ಕೆ ಮುಂಚೆ

ಮೇ ತಿಂಗಳಲ್ಲೇ ಒಮ್ಮೆ ಓಡಿಸಿ ನೋಡಿ. ಇಂಜಿನ್ನಿನ ಕಾಲು ನೀರು ತುಂಬಿದ ಡ್ರಮ್ಮಿನಲ್ಲಿರಲಿ. ಒಣಗಿದ್ದಾಗ ಓಡಿಸಿದರೆ ನೀರೆತ್ತುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಚಿಮಣಿ ಎಣ್ಣೆಯ ಇಂಜಿನ್ ಇದ್ದರೆ ಬಂದ್ ಮಾಡುವ ಮುಂಚೆ ಎರಡು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ, ಮರುದಿನ ಪ್ಲಗ್ ತೊಯ್ಯುವುದಿಲ್ಲ. ದೋಣಿಯಲ್ಲಿ ಒಂದು ಹೊಸ ಪ್ಲಗ್, ಪ್ಲಗ್ ಪಾನಾ, ಒಣ ಅರಿವೆ, ಒಂದು ಕೀ ಸದಾ ಇರಲಿ. ಜತೆಗೆ ಹುಟ್ಟು ಮತ್ತು ಉದ್ದನೆಯ ಹಗ್ಗ. ಎಷ್ಟೇ ಚಲೋ ಇಂಜಿನ್ ಇದ್ದರೂ ಇವಿಲ್ಲದೆ ತುಂಬಿದ ಹೊಳೆಗೆ ಇಳಿಯಬೇಡಿ.

ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಕೈಜೋಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸೀಮೆ ನಮ್ಮದು. ಒಂದು ಪಾಯಿಂಟ್ ಒರೆಸುವುದು ನಮಗೆ ಭಾರವಲ್ಲ. ಊರಿನ ಇಬ್ಬರು ಹುಡುಗರಿಗೆ ಈ ಕೆಲಸ ಕಲಿಸಿಡಿ, ನೆರೆ ಬಂದ ರಾತ್ರಿ ಮೆಕ್ಯಾನಿಕ್ ಬರಲಾರ.