ಕಿಟೆಲರ ಮರುಪಯಣ: ಒಂದು ಟಿಪ್ಪಣಿ

ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನೆಂಡ್ ಕಿಟೆಲ್ (1832-1903) ಕನ್ನಡ ನಾಡಿಗೆ ಮೊದಲು ಬಂದುದು 1853ರಲ್ಲಿ, ಧರ್ಮಪ್ರಸಾರಕ್ಕೆ. ಮರಳಿ ಬಂದುದು 1883ರಲ್ಲಿ, ನಿಘಂಟಿಗಾಗಿ. ಎರಡನೆಯದೇ ಹೆಚ್ಚು ಕಠಿಣವಾದುದೆಂದು ತೋರುತ್ತದೆ. ಸೂಯೆಜ್ ಕಾಲುವೆ 1869ರಲ್ಲಿಯೇ ತೆರೆದಿದ್ದುದರಿಂದ ಕಡಲ ಹಾದಿ ಕಿರಿದಾಗಿತ್ತು, ಕಷ್ಟವಿದ್ದುದು ಬೇರೆಡೆ. 1877ರಲ್ಲಿ ಅವರು ಜರ್ಮನಿಗೆ ಹಿಂತಿರುಗಿದ್ದರು. ಕಾವ್ಯದ ಪದವನ್ನು ಅಲ್ಲಿ ಕುಳಿತು ಗ್ರಂಥದಿಂದ ಎತ್ತಿಕೊಳ್ಳಬಹುದು. ಗಾದೆಯ, ಆಡುನುಡಿಯ ಅರ್ಥವನ್ನು ಆಡುವವರಿಂದಲೇ ಕೇಳಬೇಕು. ನಮ್ಮ ಪಾಳ್ಯದ ಕಡೆ ಗದ್ದೆ, ತೋಟಗಳ ಮಾತನ್ನು ಸಂಗ್ರಹಿಸಹೊರಟವರಿಗೆ ಇದು ಅನುಭವದ ಸಂಗತಿ. ಅಂತೆಯೇ ಕಿಟೆಲರು ಐವತ್ತೊಂದನೆಯ ವಯಸ್ಸಿನಲ್ಲಿ, ಕುಟುಂಬವನ್ನು ಜರ್ಮನಿಯಲ್ಲಿಯೇ ಬಿಟ್ಟು ಹೊರಟರು. ಸುಮಾರು ಒಂಬತ್ತು ವರ್ಷ ಇಲ್ಲಿ ದುಡಿದು 1892ರಲ್ಲಿ ಕೊನೆಯದಾಗಿ ತೆರಳಿದರು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಾಗ ಅವರು ಈ ನಾಡಿನಲ್ಲಿರಲಿಲ್ಲ.