ಬೇಡಿಕೆಗೆ ಉತ್ತರ, ಸಭೆಗೆ ಜನ: ಗ್ರಾಮಸಭೆ ಮತ್ತು ಸಾರ್ವಜನಿಕ ವಿಶ್ವಾಸ



ಗ್ರಾಮಸಭೆಗೆ ಜನ ಬರುವುದಿಲ್ಲ ಎಂಬುದು ನಮ್ಮಲ್ಲಿ ಪದೇ ಪದೇ ಕೇಳಿಬರುವ ಮಾತು. ಕಳೆದ ಸಭೆಯಲ್ಲಿ ಆಡಿದ ಮಾತು ಏನಾಯಿತೆಂದು ತಿಳಿಯದವರು ಮುಂದಿನ ಸಭೆಗೆ ಏಕೆ ಬರಬೇಕು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಈ ಪಾಠವು ಆ ಪ್ರಶ್ನೆಯನ್ನು ಕುರಿತದ್ದಾಗಿದೆ.

ಕಾನೂನಿನ ನೆಲೆ

ಸಂವಿಧಾನದ 243ಎ ಅನುಚ್ಛೇದವು ಗ್ರಾಮಸಭೆಗೆ ಮಾನ್ಯತೆ ನೀಡಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯತಕ್ಕದ್ದು. ಗ್ರಾಮಸಭೆಯ ಕೋರಂ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಆದರೆ ಹಾಜರಿ ಪುಸ್ತಕದ ಸಹಿಗಳಿಂದ ಕೋರಂ ಪೂರ್ಣಗೊಳ್ಳಬಹುದೇ ಹೊರತು ವಿಶ್ವಾಸ ಹುಟ್ಟುವುದಿಲ್ಲ.

ಹಳಕಾರದ ಅನುಭವ

ವಿಶ್ವಾಸ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಕುಮಟಾ ತಾಲ್ಲೂಕಿನ ಹಳಕಾರವೇ ನಿದರ್ಶನ. 1920ರ ದಶಕದ ಆರಂಭದಲ್ಲಿ ಕರಾವಳಿಯ ಅರಣ್ಯ ಸಂಬಂಧಿ ದೂರುಗಳನ್ನು ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ನಂತರ, ಅಲ್ಲಿನ ಕಾಡಿನ ನಿರ್ವಹಣೆ ಗ್ರಾಮ ಅರಣ್ಯ ಪಂಚಾಯತಿಯ ಕೈಗೆ ಬಂದಿತು. ಸಮಿತಿಯನ್ನು ಆರಿಸುವವರು ಊರಿನವರು. ಕಾವಲುಗಾರನ ವೆಚ್ಚಕ್ಕೆ ವಂತಿಗೆ ನೀಡುವವರೂ ಅವರೇ. ಮುಂದೆ ಸರ್ಕಾರವು ಇದನ್ನು ವಿಸರ್ಜಿಸಲು ಹೊರಟಾಗ ಗ್ರಾಮಸ್ಥರು ನ್ಯಾಯಾಲಯದ ಮೆಟ್ಟಿಲೇರಿ ಉಳಿಸಿಕೊಂಡರು. ತಾವೇ ಮಾಡಿದ ನಿಯಮದ ಫಲವನ್ನು ಕಣ್ಣಾರೆ ಕಂಡವರು ಆ ಸಂಸ್ಥೆಯನ್ನು ಬಿಟ್ಟುಕೊಡುವುದಿಲ್ಲ ಎಂಬುದೇ ಇಲ್ಲಿನ ಪಾಠ.

‘ಆಗದು’ ಎನ್ನುವುದೂ ಉತ್ತರವೇ

ಎಲ್ಲ ಬೇಡಿಕೆಗಳನ್ನು ಈಡೇರಿಸಲು ಅನುದಾನ ಸಾಲದು. ಜನರಿಗೂ ಇದು ತಿಳಿದಿದೆ. ಅವರ ವಿಶ್ವಾಸ ಕುಂದುವುದು ಮೌನದಿಂದ. ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಡಿ) ಕಲಮು ವಿಧಿಸಿದೆ.

ಒಂದು ಉದಾಹರಣೆ ನೋಡೋಣ. ಕೇರಿಗೆ ರಸ್ತೆ ಕೇಳಿದಾಗ ‘ಅದು ಅರಣ್ಯ ಭೂಮಿ’ ಎಂಬ ಒಂದೇ ಮಾತಿನಲ್ಲಿ ಅರ್ಜಿ ಮುಗಿದುಹೋಗಬಹುದು. ಅರಣ್ಯ ಹಕ್ಕು ಅಧಿನಿಯಮ, 2006ರ 3(2) ಕಲಮಿನಡಿ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಮೊದಲಾದ ಸರ್ಕಾರಿ ಸೌಲಭ್ಯಗಳಿಗೆ ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶವಿದೆ. ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಕಡ್ಡಾಯ. ಆದ್ದರಿಂದ ಕಾರಣವನ್ನು ಬರೆದು ತಿಳಿಸುವ ಶಿಸ್ತಿದ್ದರೆ ನಮಗೇ ಮುಂದಿನ ದಾರಿ ಕಾಣುತ್ತದೆ. ಇದೇ ಅಧಿನಿಯಮದಡಿ ಹಕ್ಕು ಕೋರಿದವರು ಗ್ರಾಮಸಭೆಯ ನಿರ್ಣಯವನ್ನು ಒಪ್ಪದಿದ್ದಲ್ಲಿ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದು. ನಿರ್ಣಯವೇ ತಿಳಿಯದವನಿಗೆ ಈ ಹಕ್ಕಿದ್ದೂ ಇಲ್ಲದಂತೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಪ್ರತಿ ಗ್ರಾಮಸಭೆಯು ಹಿಂದಿನ ಸಭೆಯ ಅನುಪಾಲನಾ ವರದಿಯಿಂದಲೇ ಆರಂಭವಾಗಲಿ. ಪ್ರತಿ ಬೇಡಿಕೆಯ ಮುಂದೆ ‘ಆಗಿದೆ’, ‘ಪ್ರಗತಿಯಲ್ಲಿದೆ’, ‘ಆಗದು, ಕಾರಣ ಇಂಥದ್ದು’ ಎಂದು ನಮೂದಿಸಿ ಓದಲಿ. ಅದರ ಪ್ರತಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಲಿ.

2. ಸಭೆಯ ಸಮಯವನ್ನು ಊರಿನ ದುಡಿಮೆ ನೋಡಿ ಗೊತ್ತುಪಡಿಸಿ. ಬೆಳಿಗ್ಗೆ ಮೀನು ಮಾರಲು ಪೇಟೆಗೆ ಹೋಗುವ ಮಹಿಳೆಯರು ಹನ್ನೊಂದು ಗಂಟೆಯ ಸಭೆಗೆ ಬರಲಾರರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನುಗಾರರ ವಾರ್ಡ್ ಸಭೆಗೆ ಆ ಅವಧಿ ಸೂಕ್ತ.

3. ಕನ್ನಡದ ಜೊತೆಗೆ ಕೊಂಕಣಿ, ನವಾಯತಿ ಮನೆಮಾತಿನವರೂ ನಮ್ಮಲ್ಲಿದ್ದಾರೆ. ನಡಾವಳಿ ಕನ್ನಡದಲ್ಲಿರಲಿ; ಮಾತನಾಡುವವರು ತಮ್ಮ ಮಾತಿನಲ್ಲೇ ಹೇಳಲಿ.

4. ಸಹಿ ಪಡೆಯುವ ಮುನ್ನ ನಿರ್ಣಯಗಳನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ. ತಾನು ಹೇಳಿದ್ದು ದಾಖಲಾಗಿದೆ ಎಂಬುದನ್ನು ಕೇಳಿದವರು ಮುಂದಿನ ಸಭೆಗೂ ಬರುತ್ತಾರೆ.

ಚರ್ಚೆಗೆ

ಅ. ತಮ್ಮ ಪಂಚಾಯತಿಯ ಕಳೆದ ಗ್ರಾಮಸಭೆಯ ಎಷ್ಟು ಬೇಡಿಕೆಗಳಿಗೆ ಲಿಖಿತ ಉತ್ತರ ಹೋಗಿದೆ?

ಆ. ‘ಆಗದು’ ಎಂದು ಕೈಬಿಟ್ಟ ಬೇಡಿಕೆಗಳಲ್ಲಿ ಕಾನೂನಿನ ಬೇರೆ ದಾರಿ ಇರುವವು ಯಾವುವು?

ಇ. ತಮ್ಮ ವಾರ್ಡಿನಲ್ಲಿ ಇದುವರೆಗೆ ಸಭೆಗೆ ಬಾರದವರು ಯಾರು, ಏಕೆ?

ಮುಂದಿನ ಸಾಮಾನ್ಯ ಸಭೆಯಲ್ಲಿ ನಡಾವಳಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಈ ಮೂರು ಪ್ರಶ್ನೆಗಳನ್ನು ಚರ್ಚಿಸಲು ಕೋರಿದೆ.