ಸೋಲು ಕಲಿಸಿದ ಯುದ್ಧನೀತಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಇಂದು ತೊಗರಿ, ಜೋಳಗಳ ಸೀಮೆ. ಒಂದು ಕಾಲದಲ್ಲಿ ಇದು ದಖ್ಖನಿನ ಸೈನ್ಯಗಳು ತುಳಿದ ನೆಲ. ಕಲಬುರಗಿ ಮತ್ತು ಜೇವರ್ಗಿಗಳ ನಡುವೆ, ಭೀಮಾತೀರದಲ್ಲಿ, ಫಿರೋಜಾಬಾದಿನ ಪಾಳುಗೋಡೆಗಳಿವೆ. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ನಗರವದು. ಇಂತಹ ಗೋಡೆಗಳ ಮುಂದೆ ನಿಂತವರಲ್ಲಿ ಒಂದು ಪ್ರಶ್ನೆ ಏಳುತ್ತದೆ: ಒಂದು ಯುದ್ಧದ ಅನುಭವ ಮುಂದಿನ ಯುದ್ಧಕ್ಕೆ ಒದಗುವುದು ಹೇಗೆ?

ಸೇನೆಯು ಹೇಗೆ ಹೋರಾಡಬೇಕೆಂಬ ಒಪ್ಪಿತ ತತ್ತ್ವಗಳೇ ಯುದ್ಧನೀತಿ. ಅದು ಅನುಭವದಿಂದ ಹುಟ್ಟಬೇಕು. ಆದರೆ ಅನುಭವವು ಯೋಧನೊಡನೆ ಮಡಿಯಬಹುದು, ಕಡತದಲ್ಲಿ ಮಲಗಲೂಬಹುದು. ಅದನ್ನು ಸಂಗ್ರಹಿಸಿ, ಪರೀಕ್ಷಿಸಿ, ಬೇಕಾದವರಿಗೆ ತಲುಪಿಸಿದಾಗಲೇ ಅದು ನೀತಿಯಾಗುತ್ತದೆ.

ಈ ಸೀಮೆಯ ದಕ್ಷಿಣಕ್ಕಿರುವ ರಾಯಚೂರಿನ ಕಥೆ ಇದಕ್ಕೆ ನಿದರ್ಶನ. 1520ರಲ್ಲಿ ಅಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನಿಗೂ ಯುದ್ಧವಾಯಿತು. ಬಿಜಾಪುರದವರು ತಮ್ಮ ತೋಪುಗಳನ್ನೆಲ್ಲ ಒಮ್ಮೆಲೇ ಹಾರಿಸಿದರು. ವಿಜಯನಗರದ ಮುಂಚೂಣಿ ಚದರಿತು. ಆದರೆ ರಾಯನು ಸೈನ್ಯವನ್ನು ಮತ್ತೆ ಒಗ್ಗೂಡಿಸಿ ಮುನ್ನುಗ್ಗಿ ಗೆದ್ದನು.

ಇತಿಹಾಸಕಾರ ರಿಚರ್ಡ್ ಈಟನ್ ಇಲ್ಲೊಂದು ವಿಚಿತ್ರವನ್ನು ಗುರುತಿಸಿದ್ದಾರೆ. ಸೋತ ಬಿಜಾಪುರವು ತನ್ನ ತೋಪುಗಳನ್ನೂ ಕೋಟೆಗಳ ಕೊತ್ತಲಗಳನ್ನೂ ತಿದ್ದಿಕೊಂಡಿತು. ಗೆದ್ದ ವಿಜಯನಗರಕ್ಕೆ ಅಂತಹ ಅಗತ್ಯ ತೋರಲಿಲ್ಲ. 1565ರ ತಾಳಿಕೋಟೆಯ ಸೋಲಿಗೆ ಕಾರಣಗಳು ಹಲವು. ಗೆಲುವು ತಂದ ಈ ಮೈಮರೆವೂ ಅವುಗಳಲ್ಲಿ ಒಂದೆಂದು ಭಾವಿಸಲು ಅವಕಾಶವಿದೆ. ಸೋಲು ಪ್ರಶ್ನೆ ಕೇಳಿಸುತ್ತದೆ. ಗೆಲುವು ಪ್ರಶ್ನೆಗಳನ್ನು ಮುಚ್ಚಿಬಿಡುತ್ತದೆ.

ಸ್ವತಂತ್ರ ಭಾರತವೂ ಈ ಪಾಠವನ್ನು ಕಂಡಿದೆ. 1962ರ ಚೀನಾ ಯುದ್ಧದ ಸೋಲನ್ನು ವಿಮರ್ಶಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲಿ ಸಿದ್ಧವಾಯಿತು; ಸರ್ಕಾರ ಅದನ್ನು ಬಹಿರಂಗಪಡಿಸಿಲ್ಲ. 1999ರ ಕಾರ್ಗಿಲ್ ಯುದ್ಧದ ಬಳಿಕವಾದರೋ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಸಮಿತಿ ವರದಿ ನೀಡಿತು; 2000ದಲ್ಲಿ ಅದು ಸಂಸತ್ತಿನ ಮುಂದೆ ಬಂದಿತು. ಭದ್ರತೆಗಾಗಿ ಗುಟ್ಟು ಅವಶ್ಯ, ನಿಜ. ಆದರೆ ಕಲಿಯಬೇಕಾದವನಿಗೂ ಪಾಠವನ್ನು ಗುಟ್ಟಾಗಿಟ್ಟರೆ ಅದರ ಬೆಲೆಯನ್ನು ಗಡಿಯ ಸೈನಿಕನು ಪ್ರಾಣದಿಂದ ತೆರಬೇಕಾಗುತ್ತದೆ.

1991ರಲ್ಲಿ ಸ್ಥಾಪಿತವಾಗಿ ಈಗ ಶಿಮ್ಲಾದಲ್ಲಿರುವ ಭೂಸೇನೆಯ ತರಬೇತಿ ಕಮಾಂಡಿಗೆ ಯುದ್ಧನೀತಿಯನ್ನು ರೂಪಿಸುವ ಹೊಣೆಯಿದೆ. ಆದರೆ ಯಾವ ಸಂಸ್ಥೆಯೂ ತಾನೇ ಕಲಿಯದು. ಕಂಡದ್ದನ್ನು ಕಂಡಂತೆ ಬರೆಯುವ ಕಿರಿಯನೂ, ಅಪ್ರಿಯವಾದರೂ ಅದನ್ನು ಓದುವ ಹಿರಿಯನೂ ಅಲ್ಲಿರಬೇಕು. ಜ್ಞಾನವು ಕೋಟೆಗಿಂತ ಗಟ್ಟಿ. ಆದರೆ ಕೋಟೆಯಂತೆ ಅದನ್ನೂ ಕಾಲಕಾಲಕ್ಕೆ ದುರಸ್ತಿ ಮಾಡಬೇಕು.